ಶಾಖೆಗೆ ಅಪ್‌ಡೇಟ್ ತಲುಪದಿದ್ದರೆ: ದೋಷ ಹುಡುಕುವ ದಾರಿ

ಪ್ರತಿ ತಿಂಗಳ ಎರಡನೆಯ ಮಂಗಳವಾರ ಮೈಕ್ರೋಸಾಫ್ಟ್ ತನ್ನ ಭದ್ರತಾ ಅಪ್‌ಡೇಟ್‌ಗಳನ್ನು ಬಿಡುಗಡೆ ಮಾಡುತ್ತದೆ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಆಗ ಬೆಳಿಗ್ಗೆ 10 ಗಂಟೆ, ನಮ್ಮಲ್ಲಿ ರಾತ್ರಿ ಹತ್ತೂವರೆ, ಚಳಿಗಾಲದಲ್ಲಿ ಹನ್ನೊಂದೂವರೆ. ಹಾಗಾಗಿ ನಮ್ಮ ಪಾಲಿಗೆ ಅದು ಬುಧವಾರದ ಕೆಲಸ. ಮುಖ್ಯ ಕಚೇರಿಯ ಕಂಪ್ಯೂಟರ್‌ಗಳು ಶುಕ್ರವಾರದೊಳಗೆ ಹೊಸ ತೇಪೆ (ಭದ್ರತೆಯ ತೂತು ಮುಚ್ಚುವ ಅಪ್‌ಡೇಟ್) ಹಾಕಿಕೊಂಡಿರುತ್ತವೆ. ಶಾಖೆಗಳ ಕಥೆ ಬೇರೆ. ಎರಡು ವಾರ ಬಿಟ್ಟು ವರದಿ ತೆಗೆದರೆ ಒಂದು ಶಾಖೆಯ ಒಂಬತ್ತು ಕಂಪ್ಯೂಟರ್‌ಗಳಲ್ಲಿ ಒಂದಕ್ಕೂ ಬಂದಿಲ್ಲ, ಇನ್ನೊಂದರಲ್ಲಿ ಅರ್ಧಕ್ಕೆ ಬಂದಿದೆ, ಮತ್ತೊಂದು ಶಾಖೆಯವರು ಮೂರು ದಿನದಿಂದ ಲೈನ್ ತೆವಳುತ್ತಿದೆ ಎಂದು ಫೋನ್ ಮಾಡುತ್ತಿದ್ದಾರೆ.

ಇಂಥ ಜಾಲವೊಂದನ್ನು ನಾನು ಹಲವು ವರ್ಷ ನೋಡಿಕೊಂಡಿದ್ದೇನೆ. ಬೆಂಗಳೂರಿನಲ್ಲಿ ಮುಖ್ಯ ಕಚೇರಿ, ಜಿಲ್ಲೆ ತಾಲ್ಲೂಕುಗಳಲ್ಲಿ ಶಾಖೆಗಳು, ಎಲ್ಲಕ್ಕೂ ವಿಂಡೋಸ್ ಸರ್ವರ್ ಅಪ್‌ಡೇಟ್ ಸರ್ವಿಸಸ್. ನಮ್ಮ ಬಾಯಲ್ಲಿ ಡಬ್ಲ್ಯೂಸಸ್: ಮೈಕ್ರೋಸಾಫ್ಟ್‌ನ ಅಪ್‌ಡೇಟ್‌ಗಳಲ್ಲಿ ನಾವು ಅನುಮೋದಿಸಿದ್ದನ್ನು ನಮ್ಮ ಕಂಪ್ಯೂಟರ್‌ಗಳಿಗೆ ಹಂಚುವ ಸರ್ವರ್ ವ್ಯವಸ್ಥೆ. ಅಪ್‌ಡೇಟ್ ನಿಂತಿತು ಎಂದಾಗ ಮೊದಲು ಅನುಮಾನ ಬೀಳುವುದು ಶಾಖೆಯ ಕಂಪ್ಯೂಟರ್ ಮೇಲೆ, ಆಮೇಲೆ ಅದನ್ನು ಬಳಸುವವರ ಮೇಲೆ. ವಿಂಡೋಸ್ ಅಳಿಸಿ ಮತ್ತೆ ಹಾಕುತ್ತೇವೆ, ಎಂಜಿನಿಯರ್‌ನನ್ನು ರಾತ್ರಿ ಬಸ್ಸಿಗೆ ಹತ್ತಿಸುತ್ತೇವೆ. ನಾನು ಕಂಡ ಬಹುಪಾಲು ಪ್ರಕರಣಗಳಲ್ಲಿ ತಪ್ಪು ಶಾಖೆಯಲ್ಲಿರಲಿಲ್ಲ. ಯಾವ ಕಂಪ್ಯೂಟರ್ ಯಾವ ಸರ್ವರನ್ನು ಯಾವ ಲೈನ್ ಮೂಲಕ ಕೇಳಬೇಕು ಎಂದು ಮುಖ್ಯ ಕಚೇರಿಯಲ್ಲಿ ಕುಳಿತು ನಾವೇ ಮಾಡಿದ ಯೋಜನೆಯಲ್ಲಿತ್ತು.

ಇದನ್ನು ಸಣ್ಣ ವಿಷಯವೆಂದು ಬಿಡಬಾರದು. 2017ರ ಮೇ 12ರಂದು ವಾನಾಕ್ರೈ ಎಂಬ, ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ಕಂಪ್ಯೂಟರ್ ಹುಳು ಹರಡಿದಾಗ ಅದನ್ನು ತಡೆಯುವ ತೇಪೆ ಬಿಡುಗಡೆಯಾಗಿ ಎರಡು ತಿಂಗಳಾಗಿತ್ತು; ಮಾರ್ಚ್ 14ಕ್ಕೇ ಬಂದಿತ್ತು. ತೇಪೆ ಇದ್ದೂ ತಲುಪದ ಕಂಪ್ಯೂಟರ್‌ಗಳೇ ಹೆಚ್ಚಾಗಿ ಬಿದ್ದವು. ಆ ಹುಳು ಜಾಲದೊಳಗೆ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ತಾನಾಗಿ ಜಿಗಿಯುತ್ತಿತ್ತು. ತಾಲ್ಲೂಕು ಶಾಖೆಯ ಮೂಲೆಯ ಒಂದು ಯಂತ್ರ ಬಾಕಿ ಉಳಿದರೂ ಇಡೀ ಜಾಲಕ್ಕೆ ಬಾಗಿಲು ತೆರೆದಂತೆ.

ಮೊದಲು ಕಾಗದ, ಆಮೇಲೆ ಕೀಲಿಮಣೆ

ದೂರು ಬಂದ ಕೂಡಲೇ ರಿಮೋಟ್‌ನಲ್ಲಿ ಒಳಹೊಕ್ಕು ಸೇವೆಗಳನ್ನು ನಿಲ್ಲಿಸಿ ಶುರುಮಾಡುವ ಅಭ್ಯಾಸ ಬಿಡಿ. ಒಂದು ಹಾಳೆಯಲ್ಲಿ ಆ ಶಾಖೆಯ ದಾರಿ ಬರೆಯಿರಿ: ಎಷ್ಟು ಕಂಪ್ಯೂಟರ್, ಮುಖ್ಯ ಕಚೇರಿಗೆ ಲೈನ್ ಎಷ್ಟು ವೇಗದ್ದು, ಅಂತರ್ಜಾಲ ಅಲ್ಲಿಂದಲೇ ನೇರವಾಗಿ ಸಿಗುತ್ತದೆಯೋ ಅಥವಾ ಬೆಂಗಳೂರಿಗೆ ಬಂದು ಹೊರಗೆ ಹೋಗುತ್ತದೆಯೋ, ಶಾಖೆಯಲ್ಲಿ ಅಪ್‌ಡೇಟ್ ಸರ್ವರ್ ಇದೆಯೋ, ಅದರ ಮೇಲಿನ ಸರ್ವರ್ ಯಾವುದು, ಪ್ರತಿಯೊಂದೂ ಎಷ್ಟು ಗಂಟೆಗೆ ಸಿಂಕ್ ಆಗುತ್ತದೆ, ಅಂದರೆ ಮೇಲಿನಿಂದ ಹೊಸ ಪಟ್ಟಿ ತರಿಸಿಕೊಳ್ಳುತ್ತದೆ. ಇನ್ನೊಂದು ಕಲಂ ನಾನು ತಡವಾಗಿ ಸೇರಿಸಿದ್ದು: ಸಂಜೆ ಎಷ್ಟು ಗಂಟೆಗೆ ವಿದ್ಯುತ್ ತೆಗೆಯುತ್ತಾರೆ.

ಆಮೇಲೆ ಒಂದು ಲೆಕ್ಕ ಹಾಕಿ. 2 ಎಂಬಿಪಿಎಸ್ (ಸೆಕೆಂಡಿಗೆ 2 ಮೆಗಾಬಿಟ್) ಲೈನ್ ಎಂದರೆ, ಎಂಟು ಬಿಟ್‌ಗೆ ಒಂದು ಬೈಟ್ ಲೆಕ್ಕದಲ್ಲಿ, ಸೆಕೆಂಡಿಗೆ ಕಾಲು ಮೆಗಾಬೈಟ್, ಗಂಟೆಗೆ ಹೆಚ್ಚೆಂದರೆ 900 ಮೆಗಾಬೈಟ್. ತಿಂಗಳ ಅಪ್‌ಡೇಟ್ 700 ಮೆಗಾಬೈಟ್ ಇದ್ದು, ಶಾಖೆಯಲ್ಲಿ ಹದಿನೈದು ಕಂಪ್ಯೂಟರ್ ಇದ್ದು, ಪ್ರತಿಯೊಂದೂ ಬೆಂಗಳೂರಿನಿಂದಲೇ ತಂದುಕೊಂಡರೆ ಹತ್ತೂವರೆ ಗಿಗಾಬೈಟ್. ಬೇರಾವ ಕೆಲಸವೂ ನಡೆಯದೆ ಲೈನ್ ಪೂರ್ತಿ ಇದಕ್ಕೇ ಸಿಕ್ಕರೂ ಹನ್ನೊಂದು ಮುಕ್ಕಾಲು ಗಂಟೆಯ ಹತ್ತಿರ ಬೇಕು. ಶಾಖೆ ತೆರೆದಿರುವುದೇ ಏಳೂವರೆ ಗಂಟೆ. ಅದೇ ಫೈಲ್ ಒಂದೇ ಸಲ ಬಂದು ಒಳಗೆ ಹಂಚಿಕೆಯಾದರೆ ಮುಕ್ಕಾಲು ಗಂಟೆ ಸಾಕು. ಹದಿನೈದು ಸಲ ಬರುತ್ತಿದೆಯೇ, ಒಂದು ಸಲವೇ? ಮುಂದೆ ಹೇಳುವ ಅರ್ಧದಷ್ಟು ದೋಷಗಳ ಮೂಲ ಈ ಪ್ರಶ್ನೆಯಲ್ಲಿದೆ.

ಕಂಪ್ಯೂಟರ್ ಯಾರನ್ನು ಕೇಳುತ್ತಿದೆ?

ಶಾಖೆಯ ಒಂದು ಕಂಪ್ಯೂಟರಿನ ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಜಾಗ) ತೆರೆದು, ಪಾಲಿಸಿಗಳ ಕೆಳಗಿನ ವಿಂಡೋಸ್‌ಅಪ್‌ಡೇಟ್ ಕೀಲಿಯಲ್ಲಿ ಡಬ್ಲ್ಯುಯು‌ಸರ್ವರ್ ಎಂಬ ಹೆಸರಿನ ಎದುರು ಏನಿದೆ ನೋಡಿ. ನೀವು ಹಾಳೆಯಲ್ಲಿ ಬರೆದ ಸರ್ವರೇ ಅಲ್ಲಿದ್ದರೆ ಮುಂದೆ ಹೋಗಿ. ಬೇರೆ ಸರ್ವರ್ ಇದ್ದರೆ ಅಥವಾ ಏನೂ ಇಲ್ಲದಿದ್ದರೆ ದೋಷ ಇಲ್ಲೇ ಸಿಕ್ಕಿತು.

ಹುಬ್ಬಳ್ಳಿಯ ಶಾಖೆಯಲ್ಲಿ ಹೀಗಾಯಿತು. ಶಾಖೆಯಲ್ಲಿ ಸರ್ವರ್ ಇತ್ತು, ಚೆನ್ನಾಗಿಯೇ ಇತ್ತು. ಆದರೂ ಪ್ರತಿ ತಿಂಗಳು ಅಪ್‌ಡೇಟ್ ಬಂದ ವಾರದ ಬುಧವಾರ, ಗುರುವಾರ ಲೈನ್ ತುಂಬಿಹೋಗುತ್ತಿತ್ತು. ನಮ್ಮ ಯೋಜನೆಯಲ್ಲಿ ಸರ್ವರಿನ ವಿಳಾಸವನ್ನು ಆಕ್ಟಿವ್ ಡೈರೆಕ್ಟರಿಯ ಸೈಟ್‌ಗೆ ಎನ್‌ಫೋರ್ಸ್ಡ್ ಆಗಿ (ಡೊಮೇನ್ ಪಾಲಿಸಿಯನ್ನೂ ಮೀರುವಂತೆ) ಕಟ್ಟಿದ ಗ್ರೂಪ್ ಪಾಲಿಸಿಯ ಮೂಲಕ ಕೊಡುತ್ತಿದ್ದೆವು. ಆಕ್ಟಿವ್ ಡೈರೆಕ್ಟರಿ ಎಂದರೆ ಸಂಸ್ಥೆಯ ಕಂಪ್ಯೂಟರ್‌ಗಳ, ಬಳಕೆದಾರರ ದಾಖಲೆ ಇಡುವ ವ್ಯವಸ್ಥೆ; ಅದರಲ್ಲಿ ಡೊಮೇನ್ ಎಂದರೆ ಇಡೀ ಸಂಸ್ಥೆ, ಸೈಟ್ ಎಂದರೆ ಒಂದು ಊರಿನ ಜಾಲ, ಗ್ರೂಪ್ ಪಾಲಿಸಿ ಎಂದರೆ ಹಲವು ಕಂಪ್ಯೂಟರ್‌ಗಳಿಗೆ ಒಟ್ಟಿಗೆ ಕೊಡುವ ಆದೇಶ. ತಾನು ಯಾವ ಸೈಟ್‌ನಲ್ಲಿದ್ದೇನೆ ಎಂಬುದನ್ನು ಕಂಪ್ಯೂಟರ್ ತಿಳಿಯುವುದು ತನ್ನ ಐಪಿ ವಿಳಾಸದ ಸಬ್‌ನೆಟ್‌ನಿಂದ, ಅಂದರೆ ಆ ವಿಳಾಸ ಸೇರಿದ ವಿಳಾಸಗಳ ಗುಂಪಿನಿಂದ. ಶಾಖೆ ಮೇಲಿನ ಮಹಡಿಗೆ ವಿಸ್ತರಿಸಿದಾಗ ನೆಟ್‌ವರ್ಕ್ ತಂಡ ಅಲ್ಲಿಗೆ ಹೊಸ ಸಬ್‌ನೆಟ್ ಕೊಟ್ಟಿತು. ಅದನ್ನು ಸೈಟ್‌ಗಳ ಪಟ್ಟಿಗೆ ಸೇರಿಸಬೇಕು ಎಂದು ಯಾರೂ ಯಾರಿಗೂ ಹೇಳಲಿಲ್ಲ. ಮೇಲಿನ ಮಹಡಿಯ ಕಂಪ್ಯೂಟರ್‌ಗಳಿಗೆ ಹುಬ್ಬಳ್ಳಿ ಸೈಟ್‌ನ ಪಾಲಿಸಿ ಸಿಗದೆ, ಡೊಮೇನ್‌ಗೆಲ್ಲ ಅನ್ವಯವಾಗುವ ಸಾಮಾನ್ಯ ಪಾಲಿಸಿಯೇ ಉಳಿಯಿತು. ಅದರಲ್ಲಿದ್ದದ್ದು ಬೆಂಗಳೂರಿನ ಸರ್ವರ್. ಮೆಟ್ಟಿಲಿಳಿದರೆ ಸಿಗುವ ಫೈಲನ್ನು ಅವು ನಾನೂರು ಕಿಲೋಮೀಟರ್ ದೂರದಿಂದ ತರಿಸುತ್ತಿದ್ದವು.

ಇದನ್ನು ಹಿಡಿಯುವುದು ಸುಲಭ. ಅನುಮಾನದ ಕಂಪ್ಯೂಟರಿನಲ್ಲಿ ಎನ್‌ಎಲ್‌ಟೆಸ್ಟ್ ಆಜ್ಞೆಯನ್ನು ಡಿಎಸ್‌ಗೆಟ್‌ಸೈಟ್ ಆಯ್ಕೆಯೊಂದಿಗೆ ಓಡಿಸಿದರೆ ಅದು ತನ್ನ ಸೈಟ್ ಯಾವುದೆಂದು ಹೇಳುತ್ತದೆ. ಒಂದೊಂದೇ ಕಂಪ್ಯೂಟರ್ ನೋಡುವುದು ಬೇಡ ಎಂದಾದರೆ ಆಕ್ಟಿವ್ ಡೈರೆಕ್ಟರಿ ನಡೆಸುವ ಸರ್ವರ್ ಆದ ಡೊಮೇನ್ ಕಂಟ್ರೋಲರ್‌ನ ಸಿಸ್ಟಂ ಲಾಗ್‌ನಲ್ಲಿ ನೆಟ್‌ಲಾಗನ್‌ನ 5807 ಸಂಖ್ಯೆಯ ದಾಖಲೆ ಹುಡುಕಿ. ಯಾವ ಸೈಟ್‌ಗೂ ಸೇರದ ವಿಳಾಸಗಳಿಂದ ಇಷ್ಟು ಸಂಪರ್ಕ ಬಂದಿವೆ ಎಂದು ಅದು ಎಣಿಸಿ ಹೇಳುತ್ತದೆ; ವಿಳಾಸಗಳ ಪಟ್ಟಿ ವಿಂಡೋಸ್ ಫೋಲ್ಡರಿನ ಡಿಬಗ್ ಒಳಗಿನ ನೆಟ್‌ಲಾಗನ್ ಲಾಗ್‌ನಲ್ಲಿರುತ್ತದೆ. ನಮ್ಮ ಲಾಗ್‌ನಲ್ಲಿ ಆ ಎಚ್ಚರಿಕೆ ತಿಂಗಳುಗಟ್ಟಲೆ ದಿನವೂ ಬರುತ್ತಿತ್ತು. ಓದಿದವರಿರಲಿಲ್ಲ.

ಊರೂರು ಸುತ್ತುವ ಲ್ಯಾಪ್‌ಟಾಪ್‌ಗಳಿಗೆ ಬೇರೆ ಉಪಾಯವಿದೆ. ಎಲ್ಲ ಶಾಖೆಗಳ ಅಪ್‌ಡೇಟ್ ಸರ್ವರ್‌ಗಳಿಗೂ ಹೆಸರಿಗೆ ತಕ್ಕ ಐಪಿ ವಿಳಾಸ ಹೇಳುವ ಡಿಎನ್‌ಎಸ್‌ನಲ್ಲಿ ಒಂದೇ ಹೆಸರು ಕೊಟ್ಟು, ಕೇಳಿದವರ ಸಬ್‌ನೆಟ್‌ಗೆ ಹತ್ತಿರದ ವಿಳಾಸವನ್ನು ಮೊದಲು ಕೊಡುವ ನೆಟ್‌ಮಾಸ್ಕ್ ಆರ್ಡರಿಂಗ್ ಹಾಕಬಹುದು. ಅದು ಮೂಲತಃ ವಿಳಾಸದ ಮೊದಲ ಮೂರು ಭಾಗಗಳನ್ನಷ್ಟೇ ಹೋಲಿಸುತ್ತದೆ. ಶಾಖೆಯಲ್ಲಿ ಅದಕ್ಕಿಂತ ದೊಡ್ಡ ಸಬ್‌ನೆಟ್ ಇದ್ದರೆ ಅರ್ಧ ಕಂಪ್ಯೂಟರ್‌ಗಳಿಗೆ ದೂರದ ಸರ್ವರ್ ಸಿಗಬಹುದು. ಎಚ್‌ಟಿಟಿಪಿಎಸ್ (ಗೂಢಲಿಪಿಯ ಸುರಕ್ಷಿತ ಸಂಪರ್ಕ) ಬಳಸುವುದಾದರೆ ಆ ಸಾಮಾನ್ಯ ಹೆಸರು ಪ್ರತಿ ಸರ್ವರಿನ ಪ್ರಮಾಣಪತ್ರದಲ್ಲೂ ಇರಬೇಕು. ಇಲ್ಲದಿದ್ದರೆ ಸಂಪರ್ಕವೇ ಆಗುವುದಿಲ್ಲ.

ಇದೇ ಹಂತದಲ್ಲಿ ಎದುರಾಗುವ ಇನ್ನೊಂದು ತೊಂದರೆ: ಶಾಖೆಯಲ್ಲಿ ಒಂಬತ್ತು ಕಂಪ್ಯೂಟರ್ ಇವೆ, ಡಬ್ಲ್ಯೂಸಸ್ ನಿರ್ವಹಣೆಯ ಪರದೆಯಾದ ಕನ್ಸೋಲ್‌ನಲ್ಲಿ ಒಂದೇ ಕಾಣುತ್ತದೆ, ಅದರ ಹೆಸರೂ ದಿನಕ್ಕೊಂದು. ಒಂದೇ ಡಿಸ್ಕ್‌ನ ನಕಲಿನಿಂದ ಒಂಬತ್ತನ್ನೂ ತಯಾರಿಸಿದ್ದಾರೆ, ಎಲ್ಲದರಲ್ಲೂ ಒಂದೇ ಸಸ್‌ಕ್ಲೈಂಟ್‌ಐಡಿ ಕುಳಿತಿದೆ ಎಂದರ್ಥ. ಅಪ್‌ಡೇಟ್ ಸೇವೆ ನಿಲ್ಲಿಸಿ, ರಿಜಿಸ್ಟ್ರಿಯಿಂದ ಆ ಗುರುತನ್ನೂ ಅದರ ಜೊತೆಗಿರುವ ವ್ಯಾಲಿಡೇಷನ್ ನಮೂದನ್ನೂ ಅಳಿಸಿ, ಸೇವೆ ಮತ್ತೆ ಶುರುಮಾಡಿದರೆ ಪ್ರತಿಯೊಂದೂ ಹೊಸ ಗುರುತು ಪಡೆಯುತ್ತದೆ.

ಬಾಗಿಲು ತಟ್ಟಿದರೆ ಉತ್ತರ ಬರುತ್ತದೆಯೇ?

ಸರ್ವರಿನ ಹೆಸರು ಸರಿ ಇದ್ದರೆ ಮುಂದಿನದು ಪೋರ್ಟ್, ಅಂದರೆ ಸರ್ವರ್ ಕೋರಿಕೆಗಾಗಿ ಕಾಯುವ ಬಾಗಿಲಿನ ಸಂಖ್ಯೆ. ವಿಂಡೋಸ್ ಸರ್ವರ್ 2012ರಿಂದ ಈಚೆಗೆ ಡಬ್ಲ್ಯೂಸಸ್ ಮೂಲತಃ 8530ರಲ್ಲಿ, ಎಚ್‌ಟಿಟಿಪಿಎಸ್ ಆದರೆ 8531ರಲ್ಲಿ ಕಾಯುತ್ತದೆ. ಅದಕ್ಕಿಂತ ಹಳೆಯದು 80 ಮತ್ತು 443ರಲ್ಲಿ. ಸರ್ವರ್ ಬದಲಾಯಿಸಿದ ಮೇಲೂ ಪಾಲಿಸಿಯಲ್ಲಿ ಹಳೆಯ ಪೋರ್ಟ್ ಉಳಿದಿರುವುದು ಸಾಮಾನ್ಯ. ಪವರ್‌ಶೆಲ್‌ನ ಟೆಸ್ಟ್-ನೆಟ್‌ಕನೆಕ್ಷನ್ ಆಜ್ಞೆಗೆ ಸರ್ವರಿನ ಹೆಸರು, ಪೋರ್ಟ್ ಎರಡನ್ನೂ ಕೊಟ್ಟು ಶಾಖೆಯಿಂದಲೇ ಪರೀಕ್ಷಿಸಿ. ಬೆಂಗಳೂರಿನಿಂದ ಪರೀಕ್ಷಿಸಿದರೆ ನಡುವಿನ ಫೈರ್‌ವಾಲ್ (ಸಂಪರ್ಕಗಳನ್ನು ತಡೆಯುವ, ಬಿಡುವ ಕಾವಲು) ತಪ್ಪಿಸಿಕೊಳ್ಳುತ್ತದೆ.

ದೋಷದ ಸಂಖ್ಯೆಗಳೂ ದಾರಿ ತೋರಿಸುತ್ತವೆ. 80072ಇಇ2 ಎಂದರೆ ಸಮಯ ಮೀರಿತು, ಉತ್ತರ ಬರಲಿಲ್ಲ. ಲೈನ್ ಅಥವಾ ಫೈರ್‌ವಾಲ್ ನೋಡಿ. 80244022 ಎಂದರೆ ಸರ್ವರ್ ಸಿಕ್ಕಿತು, ಆದರೆ ಅದು 503, ಅಂದರೆ ಸದ್ಯ ಸೇವೆ ಇಲ್ಲ, ಎಂದು ಹೇಳಿ ಕಳಿಸಿತು. ಲೈನ್ ಬಿಟ್ಟು ಸರ್ವರ್ ನೋಡಿ. 80244019 ಎಂದರೆ ಕೇಳಿದ ವಸ್ತು ಇಲ್ಲವೆಂಬ 404. 80244010 ಎಂದರೆ ಪಟ್ಟಿ ತುಂಬ ದೊಡ್ಡದಾಗಿ ಒಂದೇ ಸಲಕ್ಕೆ ಓದಿ ಮುಗಿಸಲಾಗಲಿಲ್ಲ. ಹೊಸದಾಗಿ ಸೇರಿದ ಕಂಪ್ಯೂಟರಿನಲ್ಲಿ ಎರಡು ಮೂರು ಸಲ ಸ್ಕ್ಯಾನ್ ಮಾಡಿದರೆ ತಾನೇ ಸರಿಹೋಗುವುದುಂಟು. ವಿಂಡೋಸ್ 10ರಿಂದ ಈಚೆಗೆ ಲಾಗ್ ನೇರವಾಗಿ ಓದುವ ರೂಪದಲ್ಲಿರುವುದಿಲ್ಲ. ಪವರ್‌ಶೆಲ್‌ನಲ್ಲಿ ಗೆಟ್-ವಿಂಡೋಸ್‌ಅಪ್‌ಡೇಟ್‌ಲಾಗ್ ಕೊಟ್ಟರೆ ಡೆಸ್ಕ್‌ಟಾಪ್‌ನಲ್ಲಿ ಪಠ್ಯರೂಪದಲ್ಲಿ ಬಂದು ಕೂರುತ್ತದೆ.

ಪಟ್ಟಿ ಬಂದಿದೆ, ಫೈಲ್ ಬಂದಿಲ್ಲ

ಡಬ್ಲ್ಯೂಸಸ್‌ನಲ್ಲಿ ಎರಡು ಬೇರೆ ಬೇರೆ ಸರಕು ಓಡಾಡುತ್ತವೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಎಷ್ಟೋ ಗೋಜಲು ಬಿಡಿಸಿಕೊಳ್ಳುತ್ತದೆ. ಒಂದು, ಅಪ್‌ಡೇಟ್‌ಗಳ ವಿವರ, ಅಂದರೆ ಪಟ್ಟಿ. ಇನ್ನೊಂದು, ನಿಜವಾದ ಫೈಲ್. ಮೇಲಿನ ಸರ್ವರಿನ ನಕಲಾಗಿ ನಡೆಯುವ ಶಾಖೆಯ ರೆಪ್ಲಿಕಾ ಸರ್ವರಿಗೆ ಅಲ್ಲಿಂದ ಪಟ್ಟಿಯೂ ಅನುಮೋದನೆಯೂ ಸಿಂಕ್‌ನಲ್ಲಿ ಬರುತ್ತವೆ. ಫೈಲ್ ಅದರ ಹಿಂದೆ, ಬಿಟ್ಸ್ ಎಂಬ ಹಿನ್ನೆಲೆ ಸಾಗಣೆ ಸೇವೆಯ ಮೂಲಕ ನಿಧಾನವಾಗಿ ಬರುತ್ತದೆ. ಫೈಲ್ ಪೂರ್ತಿ ಇಳಿಯುವವರೆಗೆ ಆ ಅಪ್‌ಡೇಟ್ ಕಂಪ್ಯೂಟರ್‌ಗಳಿಗೆ ಸಿಗುವುದಿಲ್ಲ.

ಪಟ್ಟಿಯೇ ತಡವಾಗಿದ್ದರೆ ಸಿಂಕ್ ಸಮಯಗಳನ್ನು ನೋಡಿ. ಮುಖ್ಯ ಸರ್ವರ್ ಬೆಳಗಿನ ಜಾವ 3ಕ್ಕೆ, ಶಾಖೆಯದು 2ಕ್ಕೆ ಇದ್ದರೆ ಒಂದು ಇಡೀ ದಿನ ಹೋಯಿತು. ನಡುವೆ ಜಿಲ್ಲಾ ಸರ್ವರ್ ಇದ್ದು ಅದೂ ಹಿಂದುಮುಂದಾಗಿದ್ದರೆ ಎರಡು ದಿನ. ನಿಗದಿ ಮಾಡಿದ ಸಮಯಕ್ಕೆ ಅರ್ಧ ಗಂಟೆಯವರೆಗೆ ವ್ಯತ್ಯಾಸವನ್ನು ಡಬ್ಲ್ಯೂಸಸ್ ತಾನೇ ಸೇರಿಸಿಕೊಳ್ಳುತ್ತದೆ. ಹಾಗಾಗಿ ಒಂದೊಂದು ಹಂತಕ್ಕೂ ನಾನು ಎರಡು ಗಂಟೆ ಅಂತರ ಬಿಡುತ್ತೇನೆ.

ಪಟ್ಟಿ ಬಂದು ಫೈಲ್ ಬಾರದಿದ್ದ ಪ್ರಕರಣಗಳಲ್ಲಿ ನನಗೆ ಹೆಚ್ಚು ಕಲಿಸಿದ್ದು ತೀರ್ಥಹಳ್ಳಿ ಶಾಖೆ. ಕನ್ಸೋಲ್‌ನ ಮೊದಲ ಪುಟದಲ್ಲೇ ಡೌನ್‌ಲೋಡ್ ಸ್ಥಿತಿ ಇರುತ್ತದೆ: ಎಷ್ಟು ಅಪ್‌ಡೇಟ್‌ಗಳಿಗೆ ಫೈಲ್ ಬೇಕಾಗಿದೆ, ಎಷ್ಟರಲ್ಲಿ ಎಷ್ಟು ಮೆಗಾಬೈಟ್ ಇಳಿದಿದೆ. ಅಲ್ಲಿ ಬಾಕಿಯ ಸಂಖ್ಯೆ ಇಳಿಯುತ್ತಲೇ ಇರಲಿಲ್ಲ. ಡೌನ್‌ಲೋಡ್ ವಿಫಲವಾದರೆ ಸರ್ವರಿನ ಅಪ್ಲಿಕೇಶನ್ ಲಾಗ್‌ನಲ್ಲಿ 364 ಸಂಖ್ಯೆಯ ದಾಖಲೆ ಬರಬೇಕು. ನಡುವಿನ ಪ್ರಾಕ್ಸಿ (ಮಧ್ಯವರ್ತಿ ಸರ್ವರ್) ಫೈಲನ್ನು ತುಂಡುತುಂಡಾಗಿ ಕೇಳುವ ರೇಂಜ್ ಕೋರಿಕೆಗೆ ಒಪ್ಪದಿದ್ದರೆ ಅದೇ ದಾಖಲೆ ಹಾಗೆಂದು ಸ್ಪಷ್ಟವಾಗಿ ಹೇಳುತ್ತದೆ. ಇಲ್ಲಿ ಅದೂ ಇಲ್ಲ. ಬಿಟ್ಸ್ ಸರದಿ ನೋಡಿದರೆ ಕೆಲಸಗಳು ವರ್ಗಾವಣೆ ಆಗುತ್ತಿವೆ ಎಂದೇ ತೋರಿಸುತ್ತಿದ್ದವು. ಎಲ್ಲೂ ಕೆಂಪು ಗುರುತಿಲ್ಲ, ಎಲ್ಲೂ ದೋಷವಿಲ್ಲ, ಫೈಲ್ ಮಾತ್ರ ಬರುತ್ತಿಲ್ಲ. ದೋಷದ ದಾಖಲೆ ಇಲ್ಲದಿರುವುದೇ ಸುಳಿವು ಎಂದು ಹೊಳೆಯಲು ನನಗೆ ಎರಡು ದಿನ ಹಿಡಿಯಿತು. ಅದು ನಿಂತಿರಲಿಲ್ಲ, ಅತಿ ನಿಧಾನವಾಗಿ ನಡೆಯುತ್ತಿತ್ತು.

ಹಗಲು ಹೊತ್ತಿನಲ್ಲಿ ಶಾಖೆಯ ಲೈನ್ ತುಂಬಬಾರದು ಎಂದು ಹಿಂದೊಮ್ಮೆ ಬಿಟ್ಸ್‌ನ ವೇಗಕ್ಕೆ ಮಿತಿ ಹಾಕುವ ಗ್ರೂಪ್ ಪಾಲಿಸಿಯನ್ನು ನಾವೇ ಜಾರಿ ಮಾಡಿದ್ದೆವು. ಆ ಪಾಲಿಸಿಯನ್ನು ಸಕ್ರಿಯ ಮಾಡಿದ ಕೂಡಲೇ ಪೆಟ್ಟಿಗೆಯಲ್ಲಿ ತಾನಾಗಿ ತುಂಬಿರುವ ಅಂಕಿ 10, ಸಮಯ ಬೆಳಿಗ್ಗೆ 8ರಿಂದ ಸಂಜೆ 5. ಹಾಕಿದವರು ಹಾಗೆಯೇ ಒಪ್ಪಿ ಮುಂದೆ ಹೋಗಿದ್ದರು. ಆ 10 ಸೆಕೆಂಡಿಗೆ ಹತ್ತು ಕಿಲೋಬಿಟ್, ಕಿಲೋಬೈಟ್ ಅಲ್ಲ. 700 ಮೆಗಾಬೈಟ್ ಆ ವೇಗದಲ್ಲಿ ಇಳಿಯಲು 155 ಗಂಟೆ ಬೇಕು. ಪಾಲಿಸಿಯನ್ನು ಸೈಟ್‌ಗೆ ಕಟ್ಟಿದ್ದರಿಂದ ಶಾಖೆಯ ಕಂಪ್ಯೂಟರ್‌ಗಳ ಜೊತೆ ಸರ್ವರಿಗೂ ಅದು ಅಂಟಿಕೊಂಡಿತ್ತು.

ಆದರೂ ಐದರ ನಂತರ ಮಿತಿ ಇಲ್ಲವಲ್ಲ, ರಾತ್ರಿಯೆಲ್ಲ ಏನಾಗುತ್ತಿದೆ? ಸರ್ವರಿನ ಸಿಸ್ಟಂ ಲಾಗ್ ತೆರೆದೆ. ಪ್ರತಿದಿನ ಬೆಳಿಗ್ಗೆ ಒಂಬತ್ತೂವರೆಯ ಆಸುಪಾಸಿನಲ್ಲಿ 6008 ಸಂಖ್ಯೆಯ ಒಂದು ದಾಖಲೆ: ಹಿಂದಿನ ದಿನ ಸಂಜೆ 5 ಗಂಟೆ 12 ನಿಮಿಷಕ್ಕೆ ಸರ್ವರ್ ಅನಿರೀಕ್ಷಿತವಾಗಿ ನಿಂತಿತು. ಮರುದಿನ 5 ಗಂಟೆ 9 ನಿಮಿಷ. ಅದರ ಮರುದಿನ 5 ಗಂಟೆ 14 ನಿಮಿಷ. ಶಾಖೆಗೆ ಫೋನ್ ಮಾಡಿದೆ.

"ಮೇಡಂ, ಸಂಜೆ ಸರ್ವರ್ ಯಾರಾದರೂ ಆಫ್ ಮಾಡುತ್ತಾರೆಯೇ?"

"ಸರ್ವರ್ ಯಾರೂ ಮುಟ್ಟುವುದಿಲ್ಲ ಸರ್. ಐದಕ್ಕೆ ಹೊರಡುವಾಗ ಮೇನ್ ತೆಗೆದು ಬೀಗ ಹಾಕುತ್ತೇವೆ. ಹೋದ ವರ್ಷ ಸಿಡಿಲಿಗೆ ಮೋಡೆಮ್ಮೂ ಎರಡು ಕಂಪ್ಯೂಟರೂ ಸುಟ್ಟುಹೋದವಲ್ಲ, ಅಂದಿನಿಂದ."

ಯುಪಿಎಸ್ ಸರ್ವರನ್ನು ಹತ್ತು ಹನ್ನೆರಡು ನಿಮಿಷ ಎಳೆದು ಕೈಬಿಡುತ್ತಿತ್ತು. ಮೋಡೆಮ್ ಅದಕ್ಕೂ ಸೇರಿರಲಿಲ್ಲ. ಹಗಲು ಪೂರ್ತಿ 10 ಕಿಲೋಬಿಟ್, ಮಿತಿ ತೆರವಾಗುವ ಗಳಿಗೆಗೆ ವಿದ್ಯುತ್ತೇ ಇಲ್ಲ. ದಿನಕ್ಕೆ ಏಳೂವರೆ ಗಂಟೆಯ ಲೆಕ್ಕದಲ್ಲಿ ಒಂದು ಫೈಲ್ ಇಳಿಯಲು ಸುಮಾರು 21 ಕೆಲಸದ ದಿನ. ಅಷ್ಟರಲ್ಲಿ ಮುಂದಿನ ತಿಂಗಳ ಅಪ್‌ಡೇಟ್ ಬಂದು ಹಳೆಯದನ್ನು ಬದಿಗೆ ಸರಿಸುತ್ತಿತ್ತು. ಮಲೆನಾಡಿನಲ್ಲಿ ಮುಂಗಾರಿಗೆ ಮುನ್ನ ಸಿಡಿಲಿನ ಭಯ ಎಂಥದು ಎಂದು ಅಲ್ಲಿ ಇದ್ದವರಿಗೆ ಗೊತ್ತು. ಆ ಶಾಖೆಯವರು ಮಾಡಿದ್ದು ಸರಿಯಾದ ಕೆಲಸ. ರಾತ್ರಿ ಸರ್ವರ್ ಓಡುತ್ತಲೇ ಇರುತ್ತದೆ ಎಂದು ಕೇಳದೆ ನಂಬಿಕೊಂಡ ನಮ್ಮ ಯೋಜನೆ ತಪ್ಪಾಗಿತ್ತು.

ಸರಿಪಡಿಸುವಾಗ ಮೇನ್ ತೆಗೆಯಬೇಡಿ ಎಂದು ಸುತ್ತೋಲೆ ಕಳಿಸಲಿಲ್ಲ. ಸರ್ವರ್‌ಗಳನ್ನು ಆ ಪಾಲಿಸಿಯಿಂದ ಹೊರಗಿಟ್ಟೆವು, ಉಳಿದ ಶಾಖೆಗಳಿಗೆ ಹಗಲಿನ ಮಿತಿಯನ್ನು ಆಯಾ ಲೈನಿನ ಕಾಲು ಭಾಗಕ್ಕೆ ಏರಿಸಿದೆವು. ತೀರ್ಥಹಳ್ಳಿಯಲ್ಲಿದ್ದದ್ದು ಒಂಬತ್ತೇ ಕಂಪ್ಯೂಟರ್. ಅಲ್ಲಿಗೆ ಸರ್ವರೇ ಬೇಡ ಎಂದು ತೀರ್ಮಾನಿಸಿ ವಾಪಸ್ ತರಿಸಿದೆವು.

ಒಂದು ಶಾಖೆ ಇನ್ನೊಂದು ಶಾಖೆಯಿಂದ ತರುವಾಗ

ಸರ್ವರ್ ಇಲ್ಲದ ಶಾಖೆಯಲ್ಲಿ ಒಂದೇ ಪ್ರತಿ ತರಿಸಿ ಒಳಗೆ ಹಂಚಲು ವಿಂಡೋಸ್ 10ರಿಂದ ಡೆಲಿವರಿ ಆಪ್ಟಿಮೈಸೇಶನ್ ಇದೆ. ಪಕ್ಕದ ಕಂಪ್ಯೂಟರಿನಲ್ಲಿ ಆಗಲೇ ಇಳಿದಿರುವ ತುಂಡುಗಳನ್ನು ಅದು 7680ನೇ ಪೋರ್ಟ್ ಮೂಲಕ ತೆಗೆದುಕೊಳ್ಳುತ್ತದೆ. ಎಂಟರ್‌ಪ್ರೈಸ್ ಆವೃತ್ತಿಯಲ್ಲಿ ಅದರ ಮೂಲ ಆಯ್ಕೆ ಮೋಡ್ 1, ಅಂದರೆ ಒಂದೇ ಲ್ಯಾನ್‌ (ಸ್ಥಳೀಯ ಜಾಲ) ಒಳಗೆ ಹಂಚಿಕೆ. ಕೇಳಲು ಚೆನ್ನಾಗಿದೆ. ಒಂದೇ ಲ್ಯಾನ್ ಎಂಬುದನ್ನು ಅದು ಹೇಗೆ ನಿರ್ಧರಿಸುತ್ತದೆ ಎಂಬುದರಲ್ಲಿ ನಾವು ಎಡವಿದೆವು. ಅಂತರ್ಜಾಲಕ್ಕೆ ಹೊರಬೀಳುವ ಸಾರ್ವಜನಿಕ ವಿಳಾಸ ಒಂದೇ ಆಗಿದ್ದರೆ ಅವೆಲ್ಲ ಒಂದೇ ಮನೆಯವು ಎಂದು ಅದು ತಿಳಿಯುತ್ತದೆ. ನಮ್ಮ ಎಲ್ಲ ಶಾಖೆಗಳೂ ಅಂತರ್ಜಾಲಕ್ಕೆ ಹೋಗುವುದು ಬೆಂಗಳೂರಿನ ಒಂದೇ ವಿಳಾಸದಿಂದ!

ಒಂದು ತಿಂಗಳು ಅಪ್‌ಡೇಟ್ ಬಂದ ವಾರದ ಗುರುವಾರ ಸಿಂಧನೂರಿನಿಂದ ಲೈನ್ ಬಗ್ಗೆ ದೂರು ಬಂತು. ಬೆಂಗಳೂರಿನ ಸರ್ವರಿನಿಂದ ಅಲ್ಲಿಗೆ ಹೋಗುತ್ತಿದ್ದದ್ದು ಅತ್ಯಲ್ಪ. ಫೈರ್‌ವಾಲ್ ಲಾಗ್‌ನಲ್ಲಿ 7680 ಎಂದು ಹುಡುಕಿದಾಗ ಚಿತ್ರ ಸ್ಪಷ್ಟವಾಯಿತು: ತೀರ್ಥಹಳ್ಳಿಯ ಕಂಪ್ಯೂಟರ್ ಸಿಂಧನೂರಿನ ಕಂಪ್ಯೂಟರಿನಿಂದ ತುಂಡು ತರುತ್ತಿದೆ, ಸಿಂಧನೂರು ಹುಬ್ಬಳ್ಳಿಯಿಂದ ತರುತ್ತಿದೆ, ಎಲ್ಲವೂ ಬೆಂಗಳೂರು ಸುತ್ತಿ. ಕಂಪ್ಯೂಟರಿನ ಕಡೆಯಿಂದ ನೋಡಬೇಕಾದರೆ ಪವರ್‌ಶೆಲ್‌ನ ಗೆಟ್-ಡೆಲಿವರಿಆಪ್ಟಿಮೈಸೇಶನ್‌ಸ್ಟೇಟಸ್ ಆಜ್ಞೆ ಪ್ರತಿ ಫೈಲಿಗೂ ಸರ್ವರಿನಿಂದ ಎಷ್ಟು, ಸಹ ಕಂಪ್ಯೂಟರ್‌ಗಳಿಂದ ಎಷ್ಟು ಎಂದು ಬೇರೆ ಮಾಡಿ ತೋರಿಸುತ್ತದೆ. ಸಹ ಕಂಪ್ಯೂಟರ್‌ಗಳಿಂದ ಹೆಚ್ಚು ಬಂದಿದೆ ಎಂದು ಖುಷಿಪಡುವ ಮೊದಲು ಆ ಕಂಪ್ಯೂಟರ್‌ಗಳು ಯಾವ ಊರಿನವು ಎಂದು ನೋಡಬೇಕು.

ಮೋಡ್ 2, ಅಂದರೆ ಗುಂಪಿನೊಳಗೆ ಮಾತ್ರ ಹಂಚಿಕೆ ಎಂದು ಬದಲಾಯಿಸಿ, ಗುಂಪಿನ ಗುರುತನ್ನು ಆಕ್ಟಿವ್ ಡೈರೆಕ್ಟರಿ ಸೈಟ್‌ನಿಂದ ತೆಗೆದುಕೊಳ್ಳಲು ಹೇಳಿದರೆ ಇದು ನಿಲ್ಲುತ್ತದೆ. ಅಲ್ಲಿಗೆ ಮತ್ತೆ ಹುಬ್ಬಳ್ಳಿಯ ಮೇಲಿನ ಮಹಡಿಗೇ ಬಂದೆವು: ಸಬ್‌ನೆಟ್ ಸೈಟ್‌ಗೆ ಸೇರಿಲ್ಲದಿದ್ದರೆ ಗುಂಪೂ ಸಿಗುವುದಿಲ್ಲ. ಹಂಚಿಕೊಳ್ಳಬೇಕಾದ ಕಂಪ್ಯೂಟರಿಗೆ ಮೂಲತಃ 4 ಜಿಬಿ ರ‍್ಯಾಮ್ ಬೇಕು ಎಂಬುದನ್ನೂ, ಸಂಗಾತಿಗಳನ್ನು ಹುಡುಕಿಕೊಡಲು ಮೈಕ್ರೋಸಾಫ್ಟ್‌ನ ಸೇವೆಯೊಂದಿಗೆ ಅಂತರ್ಜಾಲದಲ್ಲಿ ಮಾತಾಡಬೇಕು ಎಂಬುದನ್ನೂ ಮರೆಯಬೇಡಿ. ಅಂತರ್ಜಾಲವೇ ಇಲ್ಲದ ಮುಚ್ಚಿದ ಜಾಲದಲ್ಲಿ ಈ ಹಂಚಿಕೆಯನ್ನು ನೆಚ್ಚಿಕೊಳ್ಳುವಂತಿಲ್ಲ.

ಸರ್ವರ್ ಉಸಿರುಗಟ್ಟಿದಾಗ

ಎಲ್ಲ ಶಾಖೆಗಳಿಂದಲೂ ಒಟ್ಟಿಗೇ 503 ಬಂದರೆ ಮುಖ್ಯ ಸರ್ವರಿನ ಐಐಎಸ್ (ವಿಂಡೋಸ್‌ನ ವೆಬ್ ಸರ್ವರ್) ತೆರೆದು, ಡಬ್ಲ್ಯೂಸಸ್ ಓಡುವ ವಸಸ್‌ಪೂಲ್ ಎಂಬ ಅಪ್ಲಿಕೇಶನ್ ಪೂಲ್ ನಿಂತಿದೆಯೇ ನೋಡಿ. ಅದರ ಖಾಸಗಿ ಮೆಮೊರಿ ಮಿತಿ ಮೂಲತಃ 18,43,200 ಕಿಲೋಬೈಟ್, ಅಂದರೆ 1.8 ಜಿಬಿಯಷ್ಟು. ಪಟ್ಟಿ ಬೆಳೆದಂತೆ ಇದು ಸಾಲದೆ ಪೂಲ್ ಕುಸಿಯುತ್ತದೆ. ಮತ್ತೆ ಏಳುತ್ತದೆ, ಕಾದಿದ್ದ ಕಂಪ್ಯೂಟರ್‌ಗಳೆಲ್ಲ ಒಮ್ಮೆಲೇ ನುಗ್ಗುತ್ತವೆ, ಮತ್ತೆ ಕುಸಿಯುತ್ತದೆ. ಮಿತಿಯನ್ನು 4 ಜಿಬಿ ಅಥವಾ ಅದಕ್ಕಿಂತ ಮೇಲೆ, ಸರದಿಯ ಉದ್ದವನ್ನು 1000ದಿಂದ 2000ಕ್ಕೆ ಏರಿಸಿ. ಅದು ತಾತ್ಕಾಲಿಕ ಉಪಶಮನ. ನಿಜವಾದ ಔಷಧಿ, ಹೊಸ ಅಪ್‌ಡೇಟ್‌ನಿಂದ ಬದಲಾದ ಹಳೆಯವನ್ನು ನಿರಾಕರಿಸಿ ಪಟ್ಟಿ ಚಿಕ್ಕದು ಮಾಡುವುದು. ಕ್ಲೀನಪ್ ವಿಝಾರ್ಡ್ ಓಡಿಸುವಾಗ ಕೆಳಗಿನ ಹಂತದ ಸರ್ವರ್‌ಗಳಿಂದ ಶುರುಮಾಡಿ ಮೇಲಕ್ಕೆ ಬನ್ನಿ.

ಒಂದೆರಡು ಶಾಖೆಯಲ್ಲಿ ಮಾತ್ರ 404 ಬಂದು ಫೈಲ್ ಮಾತ್ರ ಆ ಸರ್ವರಿನ ಡಿಸ್ಕ್‌ನಲ್ಲಿ ಕಣ್ಣಿಗೆ ಕಾಣುತ್ತಿದ್ದರೆ ಮೈಮ್ ಪಟ್ಟಿ (ಐಐಎಸ್‌ಗೆ ಗೊತ್ತಿರುವ ಫೈಲ್ ಬಗೆಗಳ ಪಟ್ಟಿ) ನೋಡಿ. 2023ರ ಮಾರ್ಚ್‌ನಿಂದ ವಿಂಡೋಸ್ 11ರ 22ಎಚ್2 ಅಪ್‌ಡೇಟ್‌ಗಳು ಡಬ್ಲ್ಯೂಸಸ್‌ಗೆ ಯುಯುಪಿ ಎಂಬ ಹೊಸ ರೂಪದಲ್ಲಿ ಬರತೊಡಗಿದವು. ಅದಕ್ಕೆ ಎಂಎಸ್‌ಯು ಮತ್ತು ಡಬ್ಲ್ಯುಐಎಂ ಎಂಬ ಎರಡು ಫೈಲ್ ಬಗೆಗಳ ಪರಿಚಯ ಐಐಎಸ್‌ಗೆ ಇರಬೇಕು; ಪರಿಚಯವಿಲ್ಲದ ಬಗೆಯನ್ನು ಐಐಎಸ್ ಕೊಡುವುದಿಲ್ಲ. ಮುಖ್ಯ ಸರ್ವರಿಗೆ ಇದನ್ನು ಸೇರಿಸಿ ಶಾಖೆಯ ಸರ್ವರ್‌ಗಳನ್ನು ಮರೆಯುವುದು ಬಹಳ ಸುಲಭ. ಈ ಬದಲಾವಣೆಯೊಂದಿಗೆ ವಿಂಡೋಸ್‌ನ ಪ್ರತಿ ಆವೃತ್ತಿಗೆ, ಪ್ರತಿ ಪ್ರೊಸೆಸರ್ ಬಗೆಗೆ 10 ಜಿಬಿಯಷ್ಟು ಹೆಚ್ಚುವರಿ ಜಾಗವೂ ಬೇಕಾಗುತ್ತದೆ. ಹಳೆಯ 100 ಜಿಬಿ ಡಿಸ್ಕ್ ಹಾಕಿದ ಶಾಖೆಗಳಲ್ಲಿ ಅದನ್ನೂ ಮೊದಲೇ ನೋಡಿಕೊಳ್ಳಿ.

ಶಾಖೆಗೆ ಸರ್ವರ್ ಬೇಕೇ?

ನನ್ನ ಲೆಕ್ಕ ಹೀಗಿದೆ. ಹದಿನೈದಕ್ಕಿಂತ ಕಡಿಮೆ ಕಂಪ್ಯೂಟರ್ ಇರುವಲ್ಲಿ ಸರ್ವರ್ ಇಡುವುದಿಲ್ಲ. ಅದನ್ನು ನೋಡಿಕೊಳ್ಳುವ ಕೆಲಸ ಉಳಿಸುವ ಲೈನಿಗಿಂತ ದುಬಾರಿ. ಐವತ್ತಕ್ಕಿಂತ ಹೆಚ್ಚಿದ್ದು ರಾತ್ರಿ ವಿದ್ಯುತ್ ಇರುತ್ತದೆ ಎಂದಾದರೆ ರೆಪ್ಲಿಕಾ ಇಡುತ್ತೇನೆ. ನಡುವಿನವಕ್ಕೆ ಲೈನ್ ನೋಡಿ ತೀರ್ಮಾನ. ಮುಖ್ಯ ಕಚೇರಿಗೆ ಲೈನ್ ಸಣ್ಣದು, ಆದರೆ ಊರಿನಲ್ಲೇ ಒಳ್ಳೆಯ ಫೈಬರ್ ಅಂತರ್ಜಾಲ ಸಿಕ್ಕಿದೆ ಎನ್ನುವ ಶಾಖೆಗಳು ಈಗ ಹೆಚ್ಚುತ್ತಿವೆ. ಅಂಥವಕ್ಕೆಂದೇ ಬೆಂಗಳೂರಿನಲ್ಲಿ, ಫೈಲ್‌ಗಳನ್ನು ತನ್ನಲ್ಲಿ ಇಟ್ಟುಕೊಳ್ಳದ ಸರ್ವರೊಂದನ್ನು ಇಟ್ಟಿದ್ದೇವೆ: ಅನುಮೋದನೆಯ ಪಟ್ಟಿ ನಮ್ಮಿಂದ, ಫೈಲ್ ನೇರ ಮೈಕ್ರೋಸಾಫ್ಟ್‌ನಿಂದ. ಇದರಷ್ಟು ಕಡಿಮೆ ಕಾಟ ಕೊಟ್ಟ ಏರ್ಪಾಡು ನಾನು ಕಂಡಿಲ್ಲ.

ಒಂದು ಮಾತು ಕಟ್ಟುನಿಟ್ಟಾಗಿ. ವಿಪಿಎನ್ (ಅಂತರ್ಜಾಲದ ಮೂಲಕ ಹಾಕಿದ ಖಾಸಗಿ ದಾರಿ) ಇಲ್ಲದ ಶಾಖೆಗೆಂದು 8530 ಅಥವಾ 8531 ಅನ್ನು ಅಂತರ್ಜಾಲಕ್ಕೆ ತೆರೆದಿಟ್ಟಿದ್ದರೆ ಇವತ್ತೇ ಮುಚ್ಚಿ. ದೂರದಿಂದಲೇ ಸರ್ವರನ್ನು ವಶಪಡಿಸಿಕೊಳ್ಳಲು ಅವಕಾಶ ಕೊಡುವ ಅತಿ ಗಂಭೀರ ದೋಷವೊಂದು ಡಬ್ಲ್ಯೂಸಸ್‌ನಲ್ಲೇ ಕಂಡುಬಂದು, 2025ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್ ಮಾಸಿಕ ಸರದಿಗೆ ಕಾಯದೆ ಅದಕ್ಕೆ ತೇಪೆ ಬಿಡುಗಡೆ ಮಾಡಬೇಕಾಯಿತು. ಎಲ್ಲರಿಗೂ ತೇಪೆ ಹಂಚುವ ಸರ್ವರ್ ಪರರ ಕೈಗೆ ಹೋದರೆ ಏನಾದೀತು ಎಂದು ವಿವರಿಸಬೇಕಿಲ್ಲ. 2024ರ ಸೆಪ್ಟೆಂಬರ್‌ನಲ್ಲೇ ಡಬ್ಲ್ಯೂಸಸ್‌ಗೆ ಇನ್ನು ಹೊಸ ಸೌಲಭ್ಯ ಸೇರಿಸುವುದಿಲ್ಲ ಎಂದು ಮೈಕ್ರೋಸಾಫ್ಟ್ ಹೇಳಿದೆ. ವಿಂಡೋಸ್ ಸರ್ವರ್ 2025ರಲ್ಲೂ ಅದು ಇದೆ, ಬೆಂಬಲವೂ ಇದೆ. ಆದರೆ ಈಗ ಹೊಸ ಶಾಖೆ ತೆರೆಯುವವರು ಅಲ್ಲಿಗೆ ಹೊಸ ಸರ್ವರ್ ಕೊಳ್ಳುವ ಮುನ್ನ ಸರ್ವರಿಲ್ಲದ ದಾರಿ ಸಾಧ್ಯವೇ ಎಂದು ನೋಡಲಿ.

ಸರಿಹೋಯಿತು ಎಂದು ತಿಳಿಯುವುದು ಹೇಗೆ? ಕನ್ಸೋಲ್‌ನ ಶೇಕಡಾವಾರನ್ನು ಮಾತ್ರ ನಂಬಬೇಡಿ. ಕಂಪ್ಯೂಟರ್‌ಗಳು ಸರ್ವರನ್ನು ಕೇಳುವುದು ಮೂಲತಃ 22 ಗಂಟೆಗೊಮ್ಮೆ. ಸಂಜೆ ವಿದ್ಯುತ್ ತೆಗೆಯುವ ಶಾಖೆಯಲ್ಲಿ ವರದಿ ಇನ್ನೂ ಹಿಂದೆ ಬೀಳುತ್ತದೆ. ಅಪ್‌ಡೇಟ್ ಬಂದ ವಾರದ ಶುಕ್ರವಾರ ಪ್ರತಿ ಶಾಖೆಯ ಒಂದು ಕಂಪ್ಯೂಟರಿನಲ್ಲಿ, ವಿಂಡೋಸ್ ಆವೃತ್ತಿ ತೋರಿಸುವ ವಿನ್‌ವರ್ ತೆರೆಸಿ ಬಿಲ್ಡ್ ಸಂಖ್ಯೆ ಕೇಳುತ್ತೇನೆ, ಮೈಕ್ರೋಸಾಫ್ಟ್ ಪ್ರಕಟಿಸಿದ ಸಂಖ್ಯೆಯೊಂದಿಗೆ ತಾಳೆ ನೋಡುತ್ತೇನೆ. ತೀರ್ಥಹಳ್ಳಿಯ ಮೇಡಂ ಈಗ ನಾನು ಕೇಳುವ ಮೊದಲೇ ಸಂಖ್ಯೆ ಓದಿ ಹೇಳುತ್ತಾರೆ. ಐದಕ್ಕೆ ಮೇನ್ ತೆಗೆದು, ಬೀಗ ಹಾಕಿಕೊಂಡು ಹೊರಡುತ್ತಾರೆ.